ರ್ಯಾಂಡಮ್ ಮ್ಯಾಕ್ ಅಡ್ರೆಸ್: ಬ್ಯಾಶ್, ಪೈಥಾನ್, ಪರ್ಲ್, ಪವರ್‌ಶೆಲ್ – ಯಾವಾಗ ಯಾವುದು?

ಕ್ಯೂಎಮು ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮೆಶಿನ್ ಅನ್ನು, ಓಡಿಸುವ ಸಾಫ್ಟ್‌ವೇರ್. ಅದನ್ನು ಟರ್ಮಿನಲ್‌ನಿಂದ ನೇರವಾಗಿ ಓಡಿಸಿ, ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಏನೂ ಕೊಡದೆ ಬಿಟ್ಟರೆ ಅದು ಪ್ರತಿ ಸಲವೂ ಒಂದೇ ಅಡ್ರೆಸ್ ಹಾಕುತ್ತದೆ: 52:54:00:12:34:56. ವರ್ಚುವಲ್ ಮೆಶಿನ್ ಒಂದೇ ಇದ್ದರೆ ತೊಂದರೆಯಿಲ್ಲ. ಎರಡನೆಯದನ್ನು ಅದೇ ಬ್ರಿಡ್ಜಿಗೆ, ಅಂದರೆ ಮೆಶಿನ್‌ಗಳನ್ನು ಒಂದೇ ನೆಟ್‌ವರ್ಕಿಗೆ ಜೋಡಿಸುವ ವರ್ಚುವಲ್ ಸ್ವಿಚ್ಚಿಗೆ, ಸೇರಿಸಿದ ಕೂಡಲೇ ತಕರಾರು ಶುರು. ಪಿಂಗ್ ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ. ಕೆಲವೊಮ್ಮೆ ಎರಡಕ್ಕೂ ಒಂದೇ ಐಪಿ ಬರುತ್ತದೆ. ಲ್ಯಾಬಿನಲ್ಲಿ ಇದ್ದವರೆಲ್ಲ ಕೇಬಲ್ ಅಲ್ಲಾಡಿಸಿ ನೋಡುತ್ತಾರೆ. ಕೇಬಲ್ ಸರಿಯಾಗಿಯೇ ಇರುತ್ತದೆ.

ಇಂಥ ಹೊತ್ತಿನಲ್ಲೇ ರ್ಯಾಂಡಮ್ ಮ್ಯಾಕ್ ಅಡ್ರೆಸ್ ಮಾಡುವ ಸ್ಕ್ರಿಪ್ಟ್ ನೆನಪಾಗುವುದು. ಕಾಸರಗೋಡು ಕಡೆ ಇದನ್ನು ಕೇಳುವವರು ಹಲವು ಥರದವರು. ಪೊವ್ವಲ್‌ನ ಇಂಜಿನಿಯರಿಂಗ್ ಕಾಲೇಜಿನಲ್ಲೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಓದುವ ಮಕ್ಕಳು ಇದ್ದಾರೆ. ಬದಿಯಡ್ಕ, ಪೆರ್ಲ ಕಡೆಯ ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮಾಷ್ಟ್ರುಗಳು ಇದ್ದಾರೆ. ಉಪ್ಪಳ, ಕುಂಬಳೆ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: ಇದಕ್ಕೆ ಯಾವ ಭಾಷೆ ಒಳ್ಳೆಯದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಭಾಷೆಯ ಮಾತು ಆಮೇಲೆ. ಎರಡು ಬಿಟ್ ಸರಿ ಹಾಕಿದ್ದೀರಾ, ರ್ಯಾಂಡಮ್ ಅನ್ನುವುದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಿದೆಯಾ – ಇವೆರಡೂ ಸರಿಯಿದ್ದರೆ ಯಾವ ಭಾಷೆಯಾದರೂ ನಡೆಯುತ್ತದೆ. ಇವು ತಪ್ಪಿದರೆ ಎಷ್ಟು ಚಂದದ ಪೈಥಾನ್ ಬರೆದರೂ ಕೆಲಸ ಕೆಡುತ್ತದೆ. ಅಂದಮಾತ್ರಕ್ಕೆ ಭಾಷೆಗಳೆಲ್ಲ ಒಂದೇ ಅಂತಲ್ಲ. ಒಂದೊಂದರಲ್ಲಿ ಒಂದೊಂದು ಗುಂಡಿ ಇದೆ.

ಆಜ್ಞೆಗಳ ಹೆಸರನ್ನೆಲ್ಲ ಬಾಯಲ್ಲಿ ಹೇಳುವ ಹಾಗೆಯೇ ಇಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ಆ ಎರಡು ಬಿಟ್

ಮ್ಯಾಕ್ ಅಡ್ರೆಸ್ ಅಂದರೆ 48 ಬಿಟ್. ಆರು ಬೈಟ್, ಬರೆಯುವಾಗ 12 ಹೆಕ್ಸ್ ಅಂಕೆ (0ಯಿಂದ 9, ಆಮೇಲೆ ಎಯಿಂದ ಎಫ್). ಸಾಮಾನ್ಯವಾಗಿ ಮೊದಲ ಮೂರು ಬೈಟ್ ಕಾರ್ಡ್ ತಯಾರಿಸಿದ ಕಂಪನಿಯದ್ದು. ಅದನ್ನು ಐಇಇಇ ಸಂಸ್ಥೆ ಹಂಚುತ್ತದೆ. ಉಳಿದ ಮೂರು ಬೈಟ್ ಕಂಪನಿಯು ತನ್ನ ಒಂದೊಂದು ಕಾರ್ಡಿಗೆ ಕೊಡುವ ನಂಬರ್. ಆ ಮೂರು ಬೈಟಿನಲ್ಲಿ 1,67,77,216 ಅಡ್ರೆಸ್ ಹಿಡಿಯುತ್ತವೆ.

ಮೊದಲ ಬೈಟಿನ ಕೊನೆಯ ಎರಡು ಬಿಟ್‌ಗಳಿಗೆ ಬೇರೆ ಕೆಲಸ ಇದೆ. ಕಟ್ಟಕಡೆಯದು 1 ಆಗಿದ್ದರೆ ಅದು ಮಲ್ಟಿಕಾಸ್ಟ್ ಅಡ್ರೆಸ್. ಅಂದರೆ ಒಂದು ಗುಂಪಿಗೆ ಕಳಿಸುವಂಥದ್ದು. ಒಂದು ಕಾರ್ಡಿಗೆ ಅದನ್ನು ಇಡುವ ಹಾಗಿಲ್ಲ. ಅದರ ಎಡಕ್ಕಿರುವ ಬಿಟ್ 0 ಆಗಿದ್ದರೆ ಐಇಇಇ ಲೆಕ್ಕದ ಅಡ್ರೆಸ್, 1 ಆಗಿದ್ದರೆ ನಾವೇ ಇಟ್ಟುಕೊಂಡದ್ದು. ಪಂಚಾಯತ್ ಕೊಟ್ಟ ಮನೆ ನಂಬರಿಗೂ, ಬಾಡಿಗೆ ರೂಮುಗಳಿಗೆ ನಾವೇ ಬಾಗಿಲ ಮೇಲೆ ಬರೆದುಕೊಂಡ ನಂಬರಿಗೂ ಇರುವ ವ್ಯತ್ಯಾಸ ಇದು. ಎರಡೂ ನಡೆಯುತ್ತದೆ, ಆದರೆ ಪಂಚಾಯತ್ ನಂಬರನ್ನು ನಾವೇ ಹುಟ್ಟಿಸಬಾರದು.

ಹಾಗಾಗಿ ನಮಗೆ ಬೇಕಾದ್ದು ಕೊನೆಯ ಬಿಟ್ 0, ಅದರ ಪಕ್ಕದ್ದು 1. ಲೆಕ್ಕ ಸುಲಭ. ಮೊದಲ ಬೈಟನ್ನು 252ರ ಜೊತೆ ಆ್ಯಂಡ್ ಮಾಡಿ, ಬಂದದ್ದನ್ನು 2ರ ಜೊತೆ ಆರ್ ಮಾಡಿ. 252 ಎರಡೂ ಬಿಟ್ ಅಳಿಸುತ್ತದೆ, 2 ಬೇಕಾದ್ದನ್ನು ಹಾಕುತ್ತದೆ. ಹೆಕ್ಸ್‌ನಲ್ಲಿ 37 ಬಂದಿದ್ದರೆ 36 ಆಗುತ್ತದೆ. 48 ಬಂದಿದ್ದರೆ 4ಎ ಆಗುತ್ತದೆ. ಕಣ್ಣಲ್ಲೇ ಪರೀಕ್ಷೆ ಮಾಡಬಹುದು: ಅಡ್ರೆಸ್‌ನ ಎರಡನೆಯ ಅಂಕೆ 2, 6, ಎ, ಇ – ಈ ನಾಲ್ಕರಲ್ಲಿ ಒಂದಾಗಿರಬೇಕು. ಕ್ಯೂಎಮುವಿನ 52:54:00 ನೋಡಿ. ಎರಡನೆಯ ಅಂಕೆ 2. ನಾವೇ ಇಟ್ಟುಕೊಂಡ, ಅಂದರೆ ಸ್ಥಳೀಯ ಅಡ್ರೆಸ್ಸೇ.

ನಾಲ್ಕರಲ್ಲೂ ನನ್ನ ಆಯ್ಕೆ 2. 2017ರ 802ಸಿ ಎಂಬ ಐಇಇಇ ಮಾನದಂಡ ಸ್ಥಳೀಯ ಅಡ್ರೆಸ್‌ಗಳನ್ನು ನಾಲ್ಕು ಪಾಲು ಮಾಡಿತು. ಆಯಾ ನೆಟ್‌ವರ್ಕ್ ನೋಡಿಕೊಳ್ಳುವವರು ತಮಗೆ ಬೇಕಾದಂತೆ ಇಟ್ಟುಕೊಳ್ಳಲಿ ಅಂತ ಬಿಟ್ಟ ಪಾಲು 2ರದ್ದು. ಅದಕ್ಕೆ 252ರ ಬದಲು 240 ಹಾಕಿದರಾಯಿತು. ಆಗಲೂ 44 ಬಿಟ್ ರ್ಯಾಂಡಮ್ ಉಳಿಯುತ್ತದೆ, ಅಂದರೆ 17 ಲಕ್ಷ ಕೋಟಿಗಿಂತ ಜಾಸ್ತಿ ಅಡ್ರೆಸ್. ಬೇಕಾದಷ್ಟಾಯಿತು.

ಈ ಲೆಕ್ಕ ಮಾಡದೆ ಆರೂ ಬೈಟನ್ನು ಸುಮ್ನೆ ರ್ಯಾಂಡಮ್ ಬಿಟ್ಟರೆ? ಅರ್ಧ ಪಾಲು ಮಲ್ಟಿಕಾಸ್ಟ್ ಆಗಿರುತ್ತದೆ. ಇನ್ನೊಂದು ಕಾಲು ಪಾಲು ಯಾವುದೋ ಕಂಪನಿಗಳ ಲೆಕ್ಕಕ್ಕೆ ಹೋಗುತ್ತದೆ. ಸರಿಯಾದದ್ದು ನಾಲ್ಕರಲ್ಲಿ ಒಂದೇ. ಮಲ್ಟಿಕಾಸ್ಟ್ ಅಡ್ರೆಸ್ ಕೊಟ್ಟರೆ ಲಿನಕ್ಸ್ ಒಪ್ಪುವುದಿಲ್ಲ, ಈ ಅಡ್ರೆಸ್ ಇಡಲು ಆಗುವುದಿಲ್ಲ ಅನ್ನುತ್ತದೆ. ಲಿಬ್‌ವರ್ಟ್ ಎಂಬ ವರ್ಚುವಲ್ ಮೆಶಿನ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕೂಡ ಹಾಗೇ. ಆಗ ಸ್ಕ್ರಿಪ್ಟ್ ಒಮ್ಮೆ ಓಡುತ್ತದೆ, ಒಮ್ಮೆ ಓಡುವುದಿಲ್ಲ. ಯಾವಾಗಲೂ ಕೈಕೊಡುವ ಸ್ಕ್ರಿಪ್ಟನ್ನು ಸರಿ ಮಾಡುವುದು ಸುಲಭ. ಅರ್ಧ ಸಲ ಕೈಕೊಡುವುದನ್ನು ಹಿಡಿಯುವುದೇ ಕಷ್ಟ, ಅಲ್ವಾ?

ನಿಜವಾಗಿ ರ್ಯಾಂಡಮ್ ಬೇಕಾ?

ಭಾಷೆ ಆರಿಸುವ ಮೊದಲು ಇದನ್ನು ಕೇಳಿಕೊಳ್ಳಿ. ಈ ಮೆಶಿನ್ ಆಫ್ ಆಗಿ ಮತ್ತೆ ಆನ್ ಆದಾಗ ಅದೇ ಅಡ್ರೆಸ್ ಬೇಕಾ, ಹೊಸದು ಬಂದರೂ ಆದೀತಾ?

ಹೆಚ್ಚಿನ ಲ್ಯಾಬ್‌ಗಳಿಗೆ ಬೇಕಾದ್ದು ಅದೇ ಅಡ್ರೆಸ್. ಪ್ರತಿ ಬೂಟಿಗೂ ಹೊಸ ಅಡ್ರೆಸ್ ಬಂದರೆ ಐಪಿ ಹಂಚುವ ಡಿಎಚ್‌ಸಿಪಿ ಪ್ರತಿ ಸಲ ಹೊಸ ಯಂತ್ರ ಬಂತು ಅಂದುಕೊಳ್ಳುತ್ತದೆ. ಸಾಮಾನ್ಯ ರೂಟರಿನ ನೆಟ್‌ವರ್ಕಿನಲ್ಲಿ ಕೊಡಲು ಇರುವುದು ಹೆಚ್ಚೆಂದರೆ 254 ಐಪಿ. 30 ವರ್ಚುವಲ್ ಮೆಶಿನ್‌ಗಳನ್ನು ಒಂದೇ ದಿನದಲ್ಲಿ ಹತ್ತು ಸಲ ಬೂಟ್ ಮಾಡಿದರೆ 300 ಹೊಸ ಅತಿಥಿಗಳು ಬಂದ ಹಾಗೆ. ಲೀಸ್ ಅವಧಿ (ಕೊಟ್ಟ ಐಪಿ ಹಿಡಿದಿಡುವ ಕಾಲ) ಒಂದು ದಿನ ಇದ್ದರೆ ಮಧ್ಯಾಹ್ನದ ಮೇಲೆ ಯಾರಿಗೂ ಐಪಿ ಸಿಗುವುದಿಲ್ಲ. ಆಫೀಸಿನ ಪ್ರಿಂಟರ್‌ಗೂ ಸಿಗುವುದಿಲ್ಲ.

ಅಂಥ ಕಡೆ ಹೆಸರಿನಿಂದ ಅಡ್ರೆಸ್ ಹುಟ್ಟಿಸುವುದು ವಾಸಿ. ಮೆಶಿನ್‌ನ ಹೆಸರನ್ನು ಎಂಡಿ5 ಅಥವಾ ಎಸ್‌ಎಚ್‌ಎ-256 ಹ್ಯಾಶ್ ಮಾಡಿ, ಮೊದಲ ಐದು ಬೈಟ್ ತೆಗೆದು, ಮುಂದೆ 02 ಸೇರಿಸಿ. ಹ್ಯಾಶ್ ಅಂದರೆ ಅದೇ ಅಕ್ಷರಗಳನ್ನು ಕೊಟ್ಟರೆ ಯಾವಾಗಲೂ ಅದೇ ಸಂಖ್ಯೆ ಬರುವ ಒಂದು ಲೆಕ್ಕ. ಹೆಸರು ಅದೇ ಇರುವ ತನಕ ಅಡ್ರೆಸ್ಸೂ ಅದೇ. ಎಲ್ಲಿಯೂ ಬರೆದಿಡಬೇಕಿಲ್ಲ. ಇಲ್ಲಿ ಗುಟ್ಟಿನ ವಿಷಯ ಏನೂ ಇಲ್ಲದ ಕಾರಣ ಎಂಡಿ5 ಹಳೆಯದಾಯಿತು ಅಂತ ತಲೆಕೆಡಿಸಿಕೊಳ್ಳಬೇಡಿ.

ಒಂದು ಸಣ್ಣ ಗುಂಡಿ ಇದೆ. ಶೆಲ್ ಅಂದರೆ ಟರ್ಮಿನಲ್‌ನಲ್ಲಿ ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ, ಬ್ಯಾಶ್ ಅದರಲ್ಲೊಂದು. ಶೆಲ್‌ನಲ್ಲಿ ಎಕೋ ಬಳಸಿ ಹೆಸರನ್ನು ಎಂಡಿ5ಸಮ್‌ಗೆ ಕೊಟ್ಟರೆ ಹೆಸರಿನ ಕೊನೆಗೆ ಹೊಸ ಸಾಲಿನ ಚಿಹ್ನೆಯೂ ಸೇರಿಕೊಳ್ಳುತ್ತದೆ. ಪೈಥಾನ್‌ನಲ್ಲಿ ಹೆಸರು ಮಾತ್ರ ಹ್ಯಾಶ್ ಆಗುತ್ತದೆ. ಒಂದೇ ಹೆಸರಿಗೆ ಎರಡು ಕಡೆ ಎರಡು ಅಡ್ರೆಸ್! ಶೆಲ್‌ನಲ್ಲಿ ಪ್ರಿಂಟ್‌ಎಫ್ ಬಳಸಿದರೆ ಇದು ಸರಿಹೋಗುತ್ತದೆ.

ಇನ್ನು ಪೈಥಾನ್‌ನ ಸ್ವಂತ ಹ್ಯಾಶ್ ಫಂಕ್ಷನ್ ಈ ಕೆಲಸಕ್ಕೆ ಬೇಡವೇ ಬೇಡ. ಆವೃತ್ತಿ 3.3ರಿಂದ ಅಕ್ಷರಗಳ ಹ್ಯಾಶ್ ಪ್ರತಿ ಸಲ ಪ್ರೋಗ್ರಾಂ ಶುರುವಾದಾಗ ಬೇರೆ ಬರುತ್ತದೆ. ಅದು ಸುರಕ್ಷತೆಗಾಗಿ ಬೇಕೆಂದೇ ಮಾಡಿದ್ದು. ಹ್ಯಾಶ್‌ಲಿಬ್ ಬಳಸಿ.

ಶೆಲ್: ಹತ್ತಿರದ್ದು, ಆದರೆ ಗುಂಡಿ ಜಾಸ್ತಿ

ಕೇರಳದ ಶಾಲೆಗಳಲ್ಲಿ ಸರಕಾರಿ ಸಂಸ್ಥೆ ಕೈಟ್ ಕೊಡುವ ಉಬುಂಟು ಆಧಾರಿತ ವ್ಯವಸ್ಥೆ ಇರುವುದರಿಂದ ಬ್ಯಾಶ್ ನಮ್ಮ ಕೈಗೆ ಸಿಕ್ಕಿಯೇ ಇರುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಒಂದು ಸಾಲು ಟೈಪ್ ಮಾಡಿದರೆ ಅಡ್ರೆಸ್ ಬರುತ್ತದೆ. ಒಮ್ಮೆಗೆ ಒಂದೋ ಎರಡೋ ಅಡ್ರೆಸ್ ಬೇಕಾದಾಗ ಬೇರೆ ಯಾವುದೂ ಇಷ್ಟು ಬೇಗ ಆಗುವುದಿಲ್ಲ.

ಎಲ್ಲರೂ ಬಳಸುವುದು ಡಾಲರ್ ರ್ಯಾಂಡಮ್. ಅದು 0ಯಿಂದ 32767ರ ತನಕ ಒಂದು ನಂಬರ್ ಕೊಡುತ್ತದೆ, ಅಂದರೆ 15 ಬಿಟ್ ಮಾತ್ರ. ಅದನ್ನು 256ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಒಂದು ಬೈಟ್ ಸಿಗುತ್ತದೆ. ಶೇಷ ತೆಗೆದರೆ ಕೆಲವು ನಂಬರ್ ಜಾಸ್ತಿ ಸಲ ಬರುತ್ತದೆ ಅಂತ ಪಾಠದಲ್ಲಿ ಓದಿರುತ್ತೀರಿ. ಇಲ್ಲಿ ಆ ಹೆದರಿಕೆ ಇಲ್ಲ. 32768ನ್ನು 256 ಸರಿಯಾಗಿ 128 ಸಲ ಭಾಗಿಸುತ್ತದೆ. ಪ್ರತಿ ಬೈಟಿಗೂ ಬೇರೆ ಬೇರೆ ಸಲ ಡಾಲರ್ ರ್ಯಾಂಡಮ್ ಕರೆದರೆ ಲ್ಯಾಬ್ ಕೆಲಸಕ್ಕೆ ಧಾರಾಳ ಸಾಕು.

ತಪ್ಪುವುದು ಎಲ್ಲಿ ಅಂದರೆ, ಒಂದೇ ಸಲ ಡಾಲರ್ ರ್ಯಾಂಡಮ್ ಕರೆದು ಅದನ್ನು ಎಂಡಿ5ಸಮ್‌ಗೆ ಕೊಟ್ಟು, ಬಂದ ಉದ್ದದ ಸಾಲಿನಿಂದ 12 ಅಂಕೆ ಕತ್ತರಿಸುವಲ್ಲಿ. ಈ ಸಾಲು ತುಂಬಾ ಕಡೆ ಓಡಾಡುತ್ತಿದೆ. ನೋಡಲು ಭಾರೀ ರ್ಯಾಂಡಮ್. ಆದರೆ ಒಳಗೆ ಹೋದದ್ದು 32,768 ಸಾಧ್ಯತೆ ಮಾತ್ರ, ಹೊರಗೆ ಬರುವುದೂ ಅಷ್ಟೇ. ಹ್ಯಾಶ್ ಸಾಧ್ಯತೆಗಳನ್ನು ಹೆಚ್ಚು ಮಾಡುವುದಿಲ್ಲ, ಚದುರಿಸುತ್ತದೆ ಅಷ್ಟೆ. ಹೀಗೆ ಮಾಡಿದ 40 ಅಡ್ರೆಸ್‌ಗಳಲ್ಲಿ ಎರಡು ಒಂದೇ ಆಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಜಾಸ್ತಿ. 210ರ ಆಸುಪಾಸಿಗೆ ಹೋದರೆ ಅರ್ಧಕ್ಕರ್ಧ. ಅದೇ 40 ಮೆಶಿನ್‌ಗಳಿಗೆ 52:54:00 ಮುಂದಿಟ್ಟು ಉಳಿದ ಮೂರು ಬೈಟನ್ನು ಸರಿಯಾಗಿ ರ್ಯಾಂಡಮ್ ಮಾಡಿದರೆ ಡಿಕ್ಕಿ ಹೊಡೆಯುವುದು ಸುಮಾರು 21,500ಕ್ಕೆ ಒಂದು ಸಲ. ಅಲ್ಲೂ 4,800 ಮೆಶಿನ್ ಆದರೆ ಅರ್ಧಕ್ಕರ್ಧ ಬರುತ್ತದೆ, ಆದರೆ ಅಷ್ಟು ಮೆಶಿನ್ ನಮ್ಮ ಕಡೆ ಯಾರ ಹತ್ತಿರ ಇದೆ?

ಡೇಟ್ ಆಜ್ಞೆಯನ್ನು ಎಂಡಿ5ಸಮ್‌ಗೆ ಕೊಡುವವರೂ ಇದ್ದಾರೆ. ಒಂದೇ ಸೆಕೆಂಡಿನಲ್ಲಿ ಎರಡು ಮೆಶಿನ್ ಎದ್ದರೆ ಎರಡಕ್ಕೂ ಒಂದೇ ಅಡ್ರೆಸ್. ಕರೆಂಟ್ ಹೋಗಿ ಬಂದಾಗ ಲ್ಯಾಬಿನ ಎಲ್ಲ ಮೆಶಿನ್‌ಗಳು ಒಟ್ಟಿಗೇ ಏಳುತ್ತವೆ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟಿನ ಕಥೆ ಹೇಳಬೇಕಾಗಿಲ್ಲ.

ಇನ್ನೊಂದು ಗುಂಡಿ ಉಬುಂಟುವಿನದ್ದೇ. ಅಲ್ಲಿ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್. 2006ರಿಂದಲೂ ಹಾಗೆಯೇ. ಡ್ಯಾಶ್‌ಗೆ ಡಾಲರ್ ರ್ಯಾಂಡಮ್ ಗೊತ್ತಿಲ್ಲ. ಲೆಕ್ಕದ ಕಂಸದೊಳಗೆ ಡಾಲರ್ ಚಿಹ್ನೆ ಇಲ್ಲದೆ ಬರಿ ರ್ಯಾಂಡಮ್ ಅಂತ ಬರೆದಿದ್ದರೆ ಅದನ್ನು ಸೊನ್ನೆ ಅಂದುಕೊಂಡು ಮುಂದೆ ಹೋಗುತ್ತದೆ. ತಪ್ಪು ಅಂತ ಹೇಳುವುದೂ ಇಲ್ಲ. ಲ್ಯಾಬಿನ ಎಲ್ಲ ಮೆಶಿನ್‌ಗಳಿಗೆ 02:00:00:00:00:00 ಬಂದಿದ್ದರೆ ಸ್ಕ್ರಿಪ್ಟಿನ ಮೊದಲ ಸಾಲು ನೋಡಿ. ಅಲ್ಲಿ ಬ್ಯಾಶ್ ಅಂತ ಇರಬೇಕು. ಓಡಿಸುವಾಗ ಮುಂದೆ ಎಸ್‌ಎಚ್ ಅಂತ ಟೈಪ್ ಮಾಡಿದ್ದರೂ ಇದೇ ಗತಿ.

ಇದೆಲ್ಲ ಬೇಡ ಅನ್ನುವವರಿಗೆ ಒಳ್ಳೆಯ ದಾರಿ ಒಡಿ ಆಜ್ಞೆ. ಸಿಸ್ಟಂ ರ್ಯಾಂಡಮ್ ಬೈಟ್ ಕೊಡುವ ಡೆವ್ ಯುರ್ಯಾಂಡಮ್ ಫೈಲಿನಿಂದ ಬೇಕಾದಷ್ಟು ಬೈಟ್ ಓದಿ ಹೆಕ್ಸ್‌ನಲ್ಲಿ ತೋರಿಸುತ್ತದೆ. ಐದು ಬೈಟ್ ಓದಿಸಿ, ಮಧ್ಯದ ಖಾಲಿ ಜಾಗಗಳನ್ನು ಕೋಲನ್ ಮಾಡಿ, ಮುಂದೆ 02 ಅಂಟಿಸಿ. ಬಿಟ್ ಲೆಕ್ಕವೇ ಬೇಡ, ಡ್ಯಾಶ್‌ನಲ್ಲೂ ನಡೆಯುತ್ತದೆ, ಬಿಝಿಬಾಕ್ಸ್ ಎಂಬ ಆಜ್ಞೆಗಳ ಕಟ್ಟು ಮಾತ್ರ ಇರುವ ಪುಟ್ಟ ಲಿನಕ್ಸ್ ಆಲ್ಪೈನ್‌ನಲ್ಲೂ ನಡೆಯುತ್ತದೆ. ಶೆಲ್‌ನಲ್ಲಿ ನಾನು ಯಾರಿಗಾದರೂ ಹೇಳಿಕೊಡುವುದಾದರೆ ಇದನ್ನೇ. ಬ್ಯಾಶ್ 5.1ರಲ್ಲಿ ಬಂದ ಡಾಲರ್ ಎಸ್‌ರ್ಯಾಂಡಮ್ ಕೂಡ ಚೆನ್ನಾಗಿದೆ. 32 ಬಿಟ್, ನೇರ ಸಿಸ್ಟಂನಿಂದ. ಆದರೆ ಉಬುಂಟು 18.04, 20.04ರಲ್ಲಿ ಅದು ಇಲ್ಲ, 22.04ರಲ್ಲಿ ಇದೆ. ಹಳೆಯ ಮೆಶಿನ್‌ಗಳು ಮಧ್ಯೆ ಇರುವ ಶಾಲೆಯಲ್ಲಿ ಅದನ್ನು ನೆಚ್ಚಬೇಡಿ.

ಸಾಲು ಸಾಲಾಗಿ ಪಠ್ಯ ಓದುವ ಆಕ್ ಭಾಷೆಯ ಬಗ್ಗೆ ಒಂದು ಮಾತು ಸಾಕು: ಬೇಡ. ಅದರಲ್ಲಿ ಜಿಆಕ್, ಎಂಆಕ್ ಅಂತ ಬಗೆಗಳಿವೆ. ಜಿಆಕ್‌ನಲ್ಲಿ ಎಸ್‌ರ್ಯಾಂಡ್ ಕರೆಯದಿದ್ದರೆ ಪ್ರತಿ ಸಲ ಅದೇ ನಂಬರ್‌ಗಳು ಬರುತ್ತವೆ. ಕರೆದರೆ ಸೆಕೆಂಡಿನ ಲೆಕ್ಕದಲ್ಲಿ ಬದಲಾಗುತ್ತವೆ. ಎಂಆಕ್ ಮಾತ್ರ ತಾನಾಗಿಯೇ ಬೇರೆ ನಂಬರ್ ಕೊಡುತ್ತದೆ. ಒಂದು ಮೆಶಿನ್‌ನಲ್ಲಿ ಸರಿಯಾಗಿ ಕಂಡ ಸ್ಕ್ರಿಪ್ಟ್ ಪಕ್ಕದ ಮೆಶಿನ್‌ನಲ್ಲಿ ಬೇರೆಯೇ ನಡೆದುಕೊಳ್ಳುತ್ತದೆ.

ಪೈಥಾನ್: ಇಟ್ಟುಕೊಳ್ಳುವ ಸ್ಕ್ರಿಪ್ಟಿಗೆ

ಒಮ್ಮೆ ಬರೆದು ವರ್ಷಗಟ್ಟಲೆ ಬಳಸುವ ಸ್ಕ್ರಿಪ್ಟ್ ಆಗಿದ್ದರೆ ನನ್ನ ಮತ ಪೈಥಾನ್‌ಗೆ. ಕಾರಣ ವೇಗವಲ್ಲ, ಅಂದವೂ ಅಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಹೈಸ್ಕೂಲಿನ ಐಸಿಟಿ ಪಾಠದಲ್ಲಿ ಪೈಥಾನ್‌ನಲ್ಲಿ ಆಮೆಯನ್ನು ಓಡಿಸಿ ಚಿತ್ರ ಬರೆದವರು. ಮಾಷ್ಟ್ರು ವರ್ಗವಾಗಿ ಹೋದರೂ ಆ ಸ್ಕ್ರಿಪ್ಟನ್ನು ಓದುವವರು ಶಾಲೆಯಲ್ಲಿ ಇರುತ್ತಾರೆ. ಪರ್ಲ್ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಪೈಥಾನ್‌ನಲ್ಲಿ ಎರಡು ದಾರಿ. ರ್ಯಾಂಡಮ್ ಮಾಡ್ಯೂಲ್ ಒಂದು, ಸೀಕ್ರೆಟ್ಸ್ ಮಾಡ್ಯೂಲ್ ಇನ್ನೊಂದು. ಹೊಸ ಅಡ್ರೆಸ್ ಬೇಕಾದಾಗ ಸೀಕ್ರೆಟ್ಸ್ ಒಳ್ಳೆಯದು. ಅದು 3.6ರಿಂದ ಇದೆ. ಟೋಕನ್ ಬೈಟ್ಸ್‌ಗೆ 6 ಅಂತ ಕೊಟ್ಟರೆ ಸಿಸ್ಟಂನಿಂದ ಆರು ಬೈಟ್ ತಂದುಕೊಡುತ್ತದೆ. ಅದನ್ನು ಬೈಟ್‌ಅರೇ ಮಾಡಿಕೊಳ್ಳಿ, ಯಾಕೆಂದರೆ ಬೈಟ್ಸ್ ಅನ್ನು ಹಾಗೇ ತಿದ್ದಲು ಬಿಡುವುದಿಲ್ಲ. ಮೊದಲ ಬೈಟಿಗೆ ಆ್ಯಂಡ್ 252 (ಇಲ್ಲವೇ 240), ಆರ್ 2. ಕೊನೆಗೆ ಹೆಕ್ಸ್ ಮೆಥಡ್‌ಗೆ ಕೋಲನ್ ಕೊಟ್ಟರೆ ಅಡ್ರೆಸ್ ತಯಾರು. ಹೀಗೆ ಕೋಲನ್ ಕೊಡುವ ಸೌಲಭ್ಯ 3.8ರಿಂದ ಮಾತ್ರ. ಉಬುಂಟು 18.04ರಲ್ಲಿ ಇರುವುದು 3.6. ಅಲ್ಲಿ ಒಂದೊಂದು ಬೈಟನ್ನು ಎರಡು ಅಂಕೆಯ ಹೆಕ್ಸ್ ಮಾಡಿ ಜಾಯಿನ್ ಮಾಡಬೇಕು.

ಎರಡು ಅಂಕೆ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಪೈಥಾನ್‌ನ ಹೆಕ್ಸ್ ಫಂಕ್ಷನ್ 5ನ್ನು 05 ಅಂತ ಬರೆಯುವುದಿಲ್ಲ. ಮುಂದಿನ ಸೊನ್ನೆ ಬಿಟ್ಟುಹೋದರೆ ಅಡ್ರೆಸ್‌ಗೆ 11 ಅಂಕೆ ಬರುತ್ತದೆ, ಕೆಲವು ಕಡೆ ಅದು ನಡೆಯುವುದಿಲ್ಲ. 16ಕ್ಕಿಂತ ಸಣ್ಣ ಬೈಟ್ ಬಂದಾಗ ಮಾತ್ರ ಹೀಗಾಗುವುದರಿಂದ ಮೊದಲ ಪರೀಕ್ಷೆಯಲ್ಲಿ ಗೊತ್ತಾಗದೆಯೂ ಹೋದೀತು. ಸೊನ್ನೆ ಎರಡು ಎಕ್ಸ್ ಎಂಬ ಫಾರ್ಮ್ಯಾಟ್ ಬಳಸಿ. ಪರ್ಲ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಇದೇ ಎಚ್ಚರ ಬೇಕು.

ರ್ಯಾಂಡಮ್ ಮಾಡ್ಯೂಲ್ ಯಾವಾಗ? ಬೇಕೆಂದೇ ಅದೇ ಪಟ್ಟಿ ಮತ್ತೆ ಬೇಕಾದಾಗ. ಅದರ ಒಳಗಿರುವುದು ಮರ್ಸೆನ್ ಟ್ವಿಸ್ಟರ್. ಸೀಡ್ ಅಂತ ಒಂದು ನಂಬರ್ ಕೊಟ್ಟರೆ ಅದೇ ಕ್ರಮದಲ್ಲಿ ಅದೇ ಸಂಖ್ಯೆಗಳು ಬರುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಗೆ ಇದು ಅನುಕೂಲ. ಎಲ್ಲ ಮಕ್ಕಳ ಪಟ್ಟಿಯೂ ಒಂದೇ ಇರುತ್ತದೆ, ಉತ್ತರ ನೋಡುವವರಿಗೂ ಸುಲಭ. ರ್ಯಾಂಡ್‌ಇಂಟ್ ಬಳಸುವಾಗ ಎರಡೂ ತುದಿ ಸೇರುತ್ತದೆ, ಆದ್ದರಿಂದ 0, 255. ರ್ಯಾಂಡ್‌ರೇಂಜ್ ಬಳಸುವಾಗ ಕೊನೆಯದು ಸೇರುವುದಿಲ್ಲ, ಆದ್ದರಿಂದ 256.

ಯುಯುಐಡಿ ಮಾಡ್ಯೂಲಿನ ಗೆಟ್‌ನೋಡ್ ಬಳಸಿ ಮ್ಯಾಕ್ ತೆಗೆಯುವ ಸಲಹೆಯೂ ಕಾಣುತ್ತದೆ. ಅದು ಇರುವ ಕಾರ್ಡಿನ ಅಡ್ರೆಸ್ ಹುಡುಕುವುದಕ್ಕೆ. ಸಿಗದಿದ್ದರೆ ರ್ಯಾಂಡಮ್ ನಂಬರ್ ಕೊಡುತ್ತದೆ ನಿಜ, ಆದರೆ ಅದರಲ್ಲಿ ಮಲ್ಟಿಕಾಸ್ಟ್ ಬಿಟ್ ಬೇಕೆಂದೇ 1 ಮಾಡಿರುತ್ತದೆ. ನಿಜವಾದ ಕಾರ್ಡಿನದ್ದಲ್ಲ ಅಂತ ಗೊತ್ತಾಗಲಿ ಅಂತ. ನಮಗೆ ಬೇಡವಾದದ್ದೇ ಅದು.

ಪರ್ಲ್ ಇನ್ನೂ ಬೇಕಾ?

ಒಂದು ಕಡೆ ಬೇಕು. ಡೆಬಿಯನ್‌ನ ಸಣ್ಣ ಕಂಟೇನರ್‌ನಲ್ಲಿ ಪೈಥಾನ್ ಇರುವುದಿಲ್ಲ, ಪರ್ಲ್‌ನ ಮೂಲ ಪ್ಯಾಕೇಜ್ ಇರುತ್ತದೆ. ಡೆಬಿಯನ್ ಅದನ್ನು ಅತ್ಯಗತ್ಯ ಪ್ಯಾಕೇಜ್ ಅಂತ ಇಟ್ಟುಕೊಂಡಿದೆ. ಅಡ್ರೆಸ್ ಒಂದಕ್ಕಾಗಿ ಪೈಥಾನ್ ಇಳಿಸಿಕೊಳ್ಳುವುದು ಯಾಕೆ? ಪರ್ಲ್‌ನಲ್ಲಿ ಜಾಯಿನ್, ಮ್ಯಾಪ್, ಎಸ್‌ಪ್ರಿಂಟ್‌ಎಫ್ ಸೇರಿಸಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ರ್ಯಾಂಡ್‌ಗೆ 256 ಕೊಡಿ, 255 ಅಲ್ಲ. ಬರುವುದು ದಶಮಾಂಶ, ಇಂಟ್ ಹಾಕಿ ಪೂರ್ಣಾಂಕ ಮಾಡಿ. ಸೀಡ್ ತಾನಾಗಿಯೇ ಆಗುತ್ತದೆ. ಲ್ಯಾಬ್ ಕೆಲಸಕ್ಕೆ ಸಾಕು, ಗುಟ್ಟು ಕಾಯುವ ಕೆಲಸಕ್ಕೆ ಅಲ್ಲ.

ರೂಬಿ ಗೊತ್ತಿದ್ದವರಿಗೆ ಸೆಕ್ಯೂರ್‌ರ್ಯಾಂಡಮ್ ಇದೆ, ಚಂದವೂ ಇದೆ. ಇದೊಂದಕ್ಕಾಗಿ ರೂಬಿ ಕಲಿಯಬೇಕಾಗಿಲ್ಲ. ಪಿಎಚ್‌ಪಿಯಲ್ಲಿ ವೆಬ್ ಪ್ಯಾನೆಲ್ ಮಾಡಿದವರು ರ್ಯಾಂಡಮ್ ಬೈಟ್ಸ್ ಬಳಸಲಿ, ಅದು ಪಿಎಚ್‌ಪಿ 7ರಿಂದ ಇದೆ. ಕೋಲನ್ ಹಾಕಲು ಚಂಕ್ ಸ್ಪ್ಲಿಟ್ ಬಳಸಿದರೆ ಕೊನೆಗೂ ಒಂದು ಕೋಲನ್ ಉಳಿಯುತ್ತದೆ, ಅದನ್ನು ತೆಗೆಯಿರಿ.

ಜಾವಾಸ್ಕ್ರಿಪ್ಟ್: ಏನೂ ಇನ್‌ಸ್ಟಾಲ್ ಮಾಡಲು ಬಿಡದ ಕಡೆ

ಬೇರೆಯವರ ವಿಂಡೋಸ್ ಕಂಪ್ಯೂಟರಿನಲ್ಲಿ ಕೂತಿದ್ದೀರಿ, ಏನೂ ಇಳಿಸಿಕೊಳ್ಳಲು ಅನುಮತಿ ಇಲ್ಲ. ಬ್ರೌಸರ್ ಇದೆಯಲ್ಲ. ಎಫ್12 ಒತ್ತಿ ಕನ್ಸೋಲ್ ತೆರೆದರೆ ಜಾವಾಸ್ಕ್ರಿಪ್ಟ್ ಸಿದ್ಧ. ಕ್ರಿಪ್ಟೋ ಗೆಟ್ ರ್ಯಾಂಡಮ್ ವ್ಯಾಲ್ಯೂಸ್‌ಗೆ ಆರು ಬೈಟಿನ ಅರೇ ಕೊಟ್ಟರೆ ತುಂಬಿಸಿ ಕೊಡುತ್ತದೆ. ಅಡ್ರೆಸ್ ಹುಟ್ಟಿಸಬಹುದು ಅಷ್ಟೆ, ಬ್ರೌಸರ್‌ನಿಂದ ಕಾರ್ಡಿನ ಅಡ್ರೆಸ್ ಬದಲಿಸಲು ಆಗುವುದಿಲ್ಲ.

ಮ್ಯಾತ್ ರ್ಯಾಂಡಮ್ ಬಳಸುವುದಾದರೆ 256ರಿಂದ ಗುಣಿಸಿ ಫ್ಲೋರ್ ಮಾಡಿ. 255ರಿಂದ ಗುಣಿಸಿ ರೌಂಡ್ ಮಾಡಿದರೆ 0 ಮತ್ತು 255 ಉಳಿದವುಗಳ ಅರ್ಧದಷ್ಟು ಸಲ ಮಾತ್ರ ಬರುತ್ತವೆ. 48 ಬಿಟ್ಟನ್ನು ಒಂದೇ ಸಂಖ್ಯೆ ಮಾಡಿ ಆ್ಯಂಡ್, ಆರ್ ಮಾಡಲೂ ಹೋಗಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಲೆಕ್ಕ 32 ಬಿಟ್ಟಿಗೆ ಕತ್ತರಿಸಿಕೊಳ್ಳುತ್ತದೆ, ಮೇಲಿನ 16 ಬಿಟ್ ಸದ್ದಿಲ್ಲದೆ ಮಾಯ. ನಮಗೆ ಬೇಕಾದ ಎರಡು ಬಿಟ್ ಇರುವುದೂ ಅಲ್ಲೇ. ಒಂದೊಂದು ಬೈಟ್ ಬೇರೆ ಇಟ್ಟುಕೊಂಡರೆ ಈ ತಲೆಬಿಸಿ ಇಲ್ಲ.

ವಿಂಡೋಸ್ ಅಂಗಡಿಗೆ ಪವರ್‌ಶೆಲ್

ಪೇಟೆಯ ಅಂಗಡಿಗಳಲ್ಲಿ, ಅಕ್ಷಯ ಕೇಂದ್ರಗಳಲ್ಲಿ ಜಾಸ್ತಿ ಕಾಣುವುದು ವಿಂಡೋಸ್. ಅಲ್ಲಿ ಪೈಥಾನ್ ಹಾಕುವ ಬದಲು ಪವರ್‌ಶೆಲ್ ಬಳಸಿ. ವಿಂಡೋಸ್ 10ರಲ್ಲಿ ಆವೃತ್ತಿ 5.1 ಬಂದೇ ಇರುತ್ತದೆ. ಅಡ್ರೆಸ್ ಹುಟ್ಟಿಸುವುದೂ, ಸೆಟ್ ನೆಟ್ ಅಡಾಪ್ಟರ್ ಆಜ್ಞೆಯಿಂದ ಅದನ್ನು ಕಾರ್ಡಿಗೆ ಹಾಕುವುದೂ ಅಲ್ಲೇ ಆಗುತ್ತದೆ. ಬೇರೆ ಭಾಷೆಗಳಿಗಿಂತ ಇದರ ಲಾಭ ಇದೇ.

ಗೆಟ್ ರ್ಯಾಂಡಮ್‌ನಲ್ಲಿ ಗರಿಷ್ಠ 256 ಅಂತ ಕೊಡಬೇಕು. ಕೊಟ್ಟ ಗರಿಷ್ಠ ನಂಬರ್ ಸೇರುವುದಿಲ್ಲ. 255 ಕೊಟ್ಟರೆ ಎಫ್‌ಎಫ್ ಯಾವತ್ತೂ ಬರುವುದಿಲ್ಲ. 0ಯಿಂದ 255ರ ಪಟ್ಟಿ ಕೊಟ್ಟು ಆರು ಆರಿಸು ಅಂದರೆ ಒಮ್ಮೆ ಆರಿಸಿದ್ದನ್ನು ಮತ್ತೆ ಆರಿಸುವುದಿಲ್ಲ, ಆದ್ದರಿಂದ ಎರಡು ಬೈಟ್ ಒಂದೇ ಆಗುವ ಅಡ್ರೆಸ್‌ಗಳು ಹೊರಗುಳಿಯುತ್ತವೆ. ದೊಡ್ಡ ನಷ್ಟ ಅಲ್ಲ, ಆದರೂ ಗೊತ್ತಿರಲಿ. ಪವರ್‌ಶೆಲ್ 7.4 ಹಾಕಿಕೊಂಡವರಿಗೆ ಗೆಟ್ ಸೆಕ್ಯೂರ್‌ರ್ಯಾಂಡಮ್ ಇದೆ. ವಿಂಡೋಸ್‌ನಲ್ಲಿ ಅಡ್ರೆಸ್ ತೋರಿಸುವುದು ಕೋಲನ್ ಬದಲು ಅಡ್ಡಗೆರೆ ಹಾಕಿ. ನಿಮ್ಮ ಸ್ಕ್ರಿಪ್ಟೂ ಹಾಗೇ ಬರೆಯಲಿ.

ಹಳೆಯ ಬ್ಯಾಚ್ ಫೈಲಿನ ರ್ಯಾಂಡಮ್ ಬೇಡ. ಅದೂ 15 ಬಿಟ್ಟೇ. ಸಾಲದ್ದಕ್ಕೆ ಒಂದೇ ಸೆಕೆಂಡಿನಲ್ಲಿ ತೆರೆದ ಎರಡು ವಿಂಡೋಗಳಲ್ಲಿ ಒಂದೇ ನಂಬರ್ ಬರುತ್ತದೆ.

ಸ್ಕ್ರಿಪ್ಟೇ ಬೇಡದ ಸಂದರ್ಭ

ವರ್ಚುವಲ್‌ಬಾಕ್ಸ್‌ನಲ್ಲಿ ಮೆಶಿನ್ ಕ್ಲೋನ್ ಮಾಡುವಾಗ ಎಲ್ಲ ಕಾರ್ಡ್‌ಗಳಿಗೂ ಹೊಸ ಮ್ಯಾಕ್ ಕೊಡು ಎಂಬ ಆಯ್ಕೆ ಇದೆ. ಅದು ತನ್ನದೇ 08:00:27 ಮುಂದಿಟ್ಟು ಕೊಡುತ್ತದೆ. ವರ್ಟ್ ಇನ್‌ಸ್ಟಾಲ್ ಆಜ್ಞೆಯಿಂದ ವರ್ಚುವಲ್ ಮೆಶಿನ್ ಮಾಡಿದರೆ 52:54:00 ಮುಂದಿಟ್ಟ ರ್ಯಾಂಡಮ್ ಅಡ್ರೆಸ್ ತಾನಾಗಿಯೇ ಬರುತ್ತದೆ. ವಿಎಂವೇರ್‌ನಲ್ಲಿ ಕೈಯಿಂದ ಇಡುವುದಾದರೆ 00:50:56 ಮುಂದಿಟ್ಟು, ನಾಲ್ಕನೆಯ ಬೈಟ್ 00ಯಿಂದ 3ಎಫ್ ಒಳಗೇ ಇರಬೇಕು. ಇಲ್ಲಿ ನಿಮ್ಮ ಸ್ಕ್ರಿಪ್ಟ್ 02 ಹಾಕಿದರೆ ತಕರಾರು ಬಂದೀತು.

ಲ್ಯಾಪ್‌ಟಾಪಿನ ವೈಫೈಗೆ ಮಾತ್ರ ಬೇಕಾದರೆ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ರ್ಯಾಂಡಮ್, ಸ್ಟೇಬಲ್ ಅಂತ ಎರಡು ಬಗೆ ಇದೆ. ಸ್ಟೇಬಲ್ ಅಂದರೆ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಅಡ್ರೆಸ್, ಆದರೆ ಅದೇ ವೈಫೈಗೆ ಯಾವಾಗಲೂ ಅದೇ. ಮನೆ, ಆಫೀಸಿಗೆ ಇದೇ ಹಿತ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ ಇಂಥದ್ದು ತಾನಾಗಿಯೇ ಆನ್ ಇರುತ್ತದೆ. ಶಾಲೆಯ ವೈಫೈಯಲ್ಲಿ ಮ್ಯಾಕ್ ನೋಡಿ ಫೋನ್‌ಗಳನ್ನು ಒಳಗೆ ಬಿಡುವ ಪಟ್ಟಿ ಮಾಡಿದ್ದರೆ ಅದು ಕೈಕೊಡುವುದಕ್ಕೆ ಇದೂ ಒಂದು ಕಾರಣ.

ರೂಟರಿನ ವಿಷಯದಲ್ಲಿ ರ್ಯಾಂಡಮ್ ಬೇಡ. ಕೇಬಲ್ ಟಿವಿಯವರೇ ಇಂಟರ್ನೆಟ್ ಕೊಡುವ ಕಡೆಗಳಲ್ಲಿ ಕೆಲವರು ರೂಟರಿನ ಮ್ಯಾಕ್ ಅಡ್ರೆಸ್ಸನ್ನು ತಮ್ಮ ಕಡೆ ಕಟ್ಟಿಹಾಕಿರುತ್ತಾರೆ. ರೂಟರ್ ಹಾಳಾಗಿ ಹೊಸದು ತಂದಾಗ ನೆಟ್ ಬರುವುದಿಲ್ಲ. ಹೊಸ ಅಡ್ರೆಸ್ ಹುಟ್ಟಿಸಿ ಪ್ರಯೋಜನವಿಲ್ಲ. ಒಂದೋ ಅವರಿಗೆ ಫೋನ್ ಮಾಡಿ ಹೊಸ ಅಡ್ರೆಸ್ ಹೇಳಿ, ಇಲ್ಲವೇ ರೂಟರಿನ ಮ್ಯಾಕ್ ಕ್ಲೋನ್ ಜಾಗದಲ್ಲಿ ಹಳೆಯ ರೂಟರಿನ ತಳದಲ್ಲಿ ಅಂಟಿಸಿದ ಅಡ್ರೆಸ್ ಹಾಕಿ.

ಅಂಗಡಿಯವರಿಗೆ ಒಂದು ಮಾತು. ಮ್ಯಾಕ್ ಬದಲಿಸಿದ ಹಾಗೆ ಫೋನಿನ ಐಎಂಇಐ (ಗುರುತಿನ ನಂಬರ್) ಬದಲಿಸಿಕೊಡಿ ಅಂತ ಯಾರಾದರೂ ಬಂದರೆ ಕೈಹಾಕಬೇಡಿ. ಕಾನೂನಿನ ಪ್ರಕಾರ ಅದು ಅಪರಾಧ.

ಅಡ್ರೆಸ್ ಹಾಕಿ ನೋಡುವುದು

ಲಿನಕ್ಸ್‌ನಲ್ಲಿ ಐಪಿ ಲಿಂಕ್ ಆಜ್ಞೆಯಿಂದ ಕಾರ್ಡನ್ನು ಮೊದಲು ಡೌನ್ ಮಾಡಿ, ಅಡ್ರೆಸ್ ಹಾಕಿ, ಮತ್ತೆ ಅಪ್ ಮಾಡಿ. ಇದು ಮುಂದಿನ ಬೂಟ್ ತನಕ ಮಾತ್ರ. ವಿಂಡೋಸ್‌ನಲ್ಲಿ ಎಷ್ಟೋ ವೈಫೈ ಡ್ರೈವರ್‌ಗಳು ಎರಡನೆಯ ಅಂಕೆ 2, 6, ಎ, ಇ ಅಲ್ಲದ ಅಡ್ರೆಸ್ಸನ್ನು ತೆಗೆದುಕೊಳ್ಳುವುದೇ ಇಲ್ಲ. ತಪ್ಪು ಅಂತಲೂ ಹೇಳದೆ ಹಳೆಯದನ್ನೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಹಾಕಿದ ಮೇಲೆ ಒಮ್ಮೆ ಓದಿ ನೋಡಿ.

ಪಟ್ಟಿಯನ್ನೇ ಮಾಡಿದ್ದರೆ, ಫೈಲನ್ನು ಸಾರ್ಟ್ ಮಾಡಿ ಯುನಿಕ್‌ಗೆ ಮೈನಸ್ ಡಿ ಕೊಟ್ಟು ಓಡಿಸಿ. ಎರಡೆರಡು ಸಲ ಬಂದ ಅಡ್ರೆಸ್ ಇದ್ದರೆ ಮಾತ್ರ ಅದು ತೋರಿಸುತ್ತದೆ. ಅದಕ್ಕೂ ಮೊದಲು ಅಕ್ಷರಗಳನ್ನೆಲ್ಲ ಸಣ್ಣಕ್ಷರ, ಅಡ್ಡಗೆರೆಗಳನ್ನೆಲ್ಲ ಕೋಲನ್ ಮಾಡಿಕೊಳ್ಳಿ. ಪವರ್‌ಶೆಲ್‌ನಿಂದ ದೊಡ್ಡಕ್ಷರದಲ್ಲೂ ಪೈಥಾನ್‌ನಿಂದ ಸಣ್ಣಕ್ಷರದಲ್ಲೂ ಬಂದ ಒಂದೇ ಅಡ್ರೆಸ್ ಯುನಿಕ್‌ನ ಕಣ್ಣಿಗೆ ಎರಡಾಗಿ ಕಾಣುತ್ತದೆ.